ಬೇಕಾಗದೇ ಉಳಿದ ಆ ಎರಡು ಬಾಟ್ಲು ರಕ್ತ

ನಿನ್ನೆ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 12.2. ಹೋದ ವರ್ಷ ಇದೇ ಹೊತ್ತಿಗೆ 6.8 ಇತ್ತು. ಬಿಂದಿಗೆ ನೀರು ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಎಷ್ಟೋ ಜನಕ್ಕೆ ಥ್ಯಾಂಕ್ಸ್ ಹೇಳುವುದು ಬಾಕಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ತಿಂಗಳಿಗೆ ಹತ್ತು ದಿನ ಮುಟ್ಟು ನಿಲ್ಲುತ್ತಿರಲಿಲ್ಲ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಮೂರು ಗೆಡ್ಡೆ ಕಂಡವು, ದೊಡ್ಡದು 9 ಸೆಂಟಿಮೀಟರ್. ಮೊದಲು ತೋರಿಸಿದ ಕಡೆ, "ಗೆಡ್ಡೆ ಮಾತ್ರ ತೆಗೆಯೋಕೆ ಹೋದ್ರೆ ರಕ್ತ ಜಾಸ್ತಿ ಹೋಗುತ್ತೆ, ಗರ್ಭಕೋಶನೇ ತೆಗೆಸಿಬಿಡಿ" ಅಂದರು. ನನಗೆ 33. ಇನ್ನೂ ಮಕ್ಕಳಾಗಿಲ್ಲ. ಪಾಂಡವಪುರ ಬರುವವರೆಗೂ ಬಸ್ಸಲ್ಲಿ ಅಳುತ್ತಲೇ ಇದ್ದೆ. ಆ ರಾತ್ರಿ ಅತ್ತೆ ತಲೆ ಸವರಿ, "ಮೈಸೂರಲ್ಲಿ ಇನ್ನೊಂದ್ ಕಡೆ ತೋರ್ಸನ ಕಣವ್ವ, ನಾನೂ ಬತ್ತೀನಿ" ಅಂದರು. ಮೊದಲ ನಮಸ್ಕಾರ ಅವರಿಗೆ.

ಮೈಸೂರಿನ ಡಾಕ್ಟರ್ ಮೇಡಂ ಅವಸರ ಮಾಡಲಿಲ್ಲ. ಗರ್ಭಕೋಶ ಉಳಿಸಿ ಗೆಡ್ಡೆ ಮಾತ್ರ ತೆಗೆಯೋಣ ಅಂದರು. ಡ್ರಿಪ್‌ನಲ್ಲಿ ಐರನ್ ಕೊಟ್ಟು, ಹಿಮೋಗ್ಲೋಬಿನ್ 10 ದಾಟಿದ ಮೇಲೇ ಆಪರೇಷನ್‌ಗೆ ದಿನ ಗೊತ್ತು ಮಾಡಿದರು. ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದು ತೋರಿಸಿದರು. ವ್ಯಾಸೊಪ್ರೆಸಿನ್ ಅಂತ ಒಂದು ಔಷಧಿ. ನಮ್ಮ ಮೆದುಳೇ ತಯಾರಿಸುವ ಹಾರ್ಮೋನ್ ಅದು, ಈಗ ಲ್ಯಾಬಿನಲ್ಲೂ ಮಾಡುತ್ತಾರೆ. ಒಂದು ಚಿಕ್ಕ ಆಂಪೂಲನ್ನು ಸಲೈನ್‌ನಲ್ಲಿ ಚೆನ್ನಾಗಿ ತೆಳು ಮಾಡಿ, ಕತ್ತರಿಸುವ ಮೊದಲು ಗೆಡ್ಡೆಯ ಸುತ್ತ ಚುಚ್ಚುತ್ತಾರೆ. ಅಲ್ಲಿನ ರಕ್ತನಾಳಗಳು ಸ್ವಲ್ಪ ಹೊತ್ತು ಬಿಗಿದುಕೊಳ್ಳುತ್ತವೆ, ಕತ್ತರಿಸುವಾಗ ರಕ್ತ ಕಡಿಮೆ ಹೋಗುತ್ತೆ.

ಆಮೇಲೆ ಆಪರೇಷನ್‌ದು ವಿಡಿಯೋ ತೋರಿಸಿದರು. ಕೆಂಪಗಿದ್ದ ಗರ್ಭಕೋಶ, ಸೂಜಿ ಹೋದ ಜಾಗದಿಂದ ಮೆಲ್ಲಗೆ ಬಿಳಿಚಿಕೊಳ್ಳುತ್ತಾ ಬಂತು. ಪಾತ್ರೆ ತೊಳೆದು ತೊಳೆದು ನೀರಲ್ಲಿ ನೆನೆದ ಬೆರಳಿನ ತುದಿ ಆಗುತ್ತಲ್ವಾ, ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು.

ಅರಿವಳಿಕೆ ಕೊಟ್ಟ ಡಾಕ್ಟರಿಗೂ ನಾನು ಋಣಿ. ಈ ಔಷಧಿ ತಪ್ಪಿ ನೇರವಾಗಿ ರಕ್ತನಾಳಕ್ಕೆ ಹೋದರೆ ಬಿಪಿ ಒಮ್ಮೆಲೇ ಏರಬಹುದು, ಎದೆಬಡಿತ ತೀರಾ ನಿಧಾನ ಆಗಬಹುದು. ಅದಕ್ಕೇ ಮೇಡಂ ಸೂಜಿ ಹಾಕಿ, ಸಿರಿಂಜ್ ಹಿಂದಕ್ಕೆ ಎಳೆದು ರಕ್ತ ಬರಲಿಲ್ಲ ಅಂತ ನೋಡಿಕೊಂಡು, "ಈಗ ಕೊಡ್ತಿದೀನಿ" ಅಂತ ಹೇಳಿಯೇ ಕೊಟ್ಟರಂತೆ. ಅರಿವಳಿಕೆ ಡಾಕ್ಟರು ಮಾನಿಟರ್ ಮೇಲಿನ ಕಣ್ಣು ತೆಗೆಯಲಿಲ್ಲವಂತೆ. ನಾನು ಮಲಗಿದ್ದೆ, ನನ್ನ ಎದೆಬಡಿತವನ್ನು ಅವರು ಕಾಯುತ್ತಿದ್ದರು.

ಆಪರೇಷನ್ ಶುರುವಾಗುವಾಗ ನರಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಕೂಡ ಕೊಟ್ಟಿದ್ದರು. ಹೆಪ್ಪುಗಟ್ಟಿದ ರಕ್ತ ಬೇಗ ಕರಗದ ಹಾಗೆ ಅದು ತಡೆಯುತ್ತೆ. ಮನೆಯಲ್ಲಿ ರೆಸ್ಟ್‌ನಲ್ಲಿದ್ದಾಗ ಅದರ ಬಗ್ಗೆ ಓದಿದೆ. ಅದನ್ನು ಕಂಡುಹಿಡಿದವರಲ್ಲಿ ಒಬ್ಬರು ಜಪಾನಿನ ಉಟಾಕೊ ಒಕಾಮೊಟೊ. 1962ರಲ್ಲಿ, ಗಂಡ ಶೋಸುಕೆ ಜೊತೆ ಸೇರಿ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಲ್ಯಾಬಿನಲ್ಲಿ ಕೆಲಸ ಮಾಡಿದ್ದವರು. ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಅನ್ನೋದು ಅವರ ಆಸೆ. ಅಲ್ಲಿನ ಹೆರಿಗೆ ಡಾಕ್ಟರುಗಳು ಆಗ ಪರೀಕ್ಷಿಸಿ ನೋಡಲು ಒಪ್ಪಲೇ ಇಲ್ಲ. ಕೊನೆಗೆ 20,000ಕ್ಕೂ ಹೆಚ್ಚು ಬಾಣಂತಿಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2017ರಲ್ಲಿ ಬಂತು. ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ. ಒಕಾಮೊಟೊ ಅದರ ಹಿಂದಿನ ವರ್ಷವೇ, 98ರ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆ ತಾಯಿಗೆ ಪಾಂಡವಪುರದಿಂದ ಒಂದು ನಮಸ್ಕಾರ.

ರಾತ್ರಿಯಿಡೀ ಗಂಟೆಗೊಮ್ಮೆ ಬಂದು ಬಿಪಿ ನೋಡಿದ ಸಿಸ್ಟರ್, ಆಲೆಮನೆ ಶುರುವಾಗಿದೆ. ನಿಮಗೆ ಹೇಳಿದ್ದ ಬಿಸಿ ಬೆಲ್ಲ ಮುಂದಿನ ವಾರ ತರುತ್ತೇನೆ.

ಇನ್ನು ನನ್ನ ಮೈದುನ, ಅವನ ಇಬ್ಬರು ಸ್ನೇಹಿತರು. ಕಬ್ಬು ಕಡಿಯುವ ಕೆಲಸ ಬಿಟ್ಟು, ಬೆಳಗಿನ ಚಳಿಯಲ್ಲಿ ಬೈಕಿನಲ್ಲಿ ಮೈಸೂರಿಗೆ ಬಂದು ರಕ್ತ ಕೊಟ್ಟಿರಿ. ನನಗೆಂದು ಎರಡು ಬಾಟ್ಲು ತೆಗೆದಿಟ್ಟಿದ್ದರು. ಆಪರೇಷನ್‌ನಲ್ಲಿ ಹೋದ ರಕ್ತ ಒಂದು ಲೋಟದಷ್ಟೂ ಇರಲಿಲ್ಲ, ಹಾಗಾಗಿ ಒಂದನ್ನೂ ಹಾಕಲಿಲ್ಲ. ಮೂರನೇ ದಿನ ಬ್ಲಡ್ ಬ್ಯಾಂಕಿನಲ್ಲಿ ವಿಚಾರಿಸಿದೆ. ಎರಡೂ ಬೇರೆ ರೋಗಿಗಳಿಗೆ ಹೋದವಂತೆ.