ಕ್ಯಾಲೆಂಡರ್ ಚೌಕದ ಮೂಲೇಲಿ

ಪುಟ್ಟಿ,

ಆರಿದ್ರಾ ಮಳೆ ಹಿಡ್ಕಂಡು ಐದು ದಿನ ಆಯ್ತು, ಕರೆಂಟು ಬರದು ಹೋಗದು ಎರಡೂ ಅದರಿಷ್ಟ, ಸಿಗ್ನಲ್ಲು ಒಂದೇ ಕಡ್ಡಿ, ಅದೂ ಖಾಲಿ ಕೊಟ್ಟಿಗೆ ಬಾಗಿಲಲ್ಲಿ ನಿಂತ್ರೆ ಮಾತ್ರ. ಟೈಪ್ ಮಾಡಿ ಇಟ್ಟಿರ್ತೀನಿ, ಯಾವಾಗ ಹೋಗತ್ತೋ ಹೋಗ್ಲಿ.

ಹೊಸ ವರ್ಷಕ್ಕೆ ಹಾಕ್ಕೊಟ್ಟಿದ್ಯಲ್ಲ ಗೋಲ್ ಆಪು, ಅರ್ಧ ವರ್ಷ ಆಯ್ತು ಎಲ್ಲಿಗ್ ಬಂತಮ್ಮ ಅಂತ ಕೇಳಿದ್ಯಲ್ಲ. ಸತ್ಯ ಹೇಳ್ತೀನಿ, ಜನವರಿ ಒಂಬತ್ತಕ್ಕೇ ಬಿಟ್ಟೆ. ದಿನಾ ರಾತ್ರಿ ಟಿಂಗ್ ಅಂದು ಇವತ್ತು ಏನೇನ್ ಮಾಡಿದ್ರಿ ಅಂತ ಕೇಳತ್ತೆ, ನನ್ನ ಅತ್ತೆನೂ ಹಂಗೆ ಕೇಳ್ತಿರ್ಲಿಲ್ಲ. ಆದ್ರೆ ಲೆಕ್ಕ ಬಿಟ್ಟಿಲ್ಲ ಮತ್ತೆ. ಅಡಿಗೆಮನೆ ಕ್ಯಾಲೆಂಡರಲ್ಲಿ ಹಾಲಿಗೆ ಒಂದು, ಅರ್ಧ ಅಂತ ಬರೀತೀನಲ್ಲ, ಗ್ಯಾಸ್ ಬಂದ ದಿನಕ್ಕೆ ಒಂದು ಸುತ್ತು, ತೋಟದ ಆಳಿನ ಹಾಜರಿ, ಅದೇ ಚೌಕದ ಮೂಲೇಲಿ ನನ್ನದೂ ಸೇರಿಸ್ದೆ. ವಾಕಿಂಗು ಮಳೆ ಬರೋ ತನಕ ಚೆನ್ನಾಗಿತ್ತು, ಈಗ ಜಗಲೀಲೇ ಆ ತುದಿ ಈ ತುದಿ. ಸೀರಿಯಲ್ ಬದ್ಲು ದಿನಾ ಹತ್ತು ಪುಟ ಓದ್ತೀನಿ ಅಂದಿದ್ದು ಅರ್ಧಂಬರ್ಧ, ಅದರ ಬಗ್ಗೆ ಕೇಳ್ಬೇಡ.

ಮೂರನೇದು ನಿಂಗೆ ಹೇಳಿರ್ಲಿಲ್ಲ. "ಬಾ" ಅಂತ ಒಂದಕ್ಷರ ಬರ್ಕಂಡಿದ್ದೆ. ಬಾಯಿ ಬಿಡೋದು ಅಂತ.

ಯಾಕೆ ಅಂದ್ರೆ 2022ರ ವಿಷಯ. ಅವತ್ತಿನ ವರ್ಷ ನಿಂಗೆ ಗೊತ್ತಲ್ಲ, ಫೆಬ್ರವರೀಲಿ ಶಿವಮೊಗ್ಗದಲ್ಲಿ ಕರ್ಫ್ಯೂ ಆಗಿ ನೀನು ಹಾಸ್ಟೆಲಲ್ಲೇ ಬಾಗಿಲು ಹಾಕ್ಕಂಡು ಕೂತಿದ್ದೆ, ನಾನಿಲ್ಲಿ ಗಂಟೆಗೊಂದ್ಸಲ ಫೋನು. ಅದಾದ ಮುಂದಿನ ತಿಂಗಳೇ ಎಷ್ಟೋ ಊರಲ್ಲಿ ಜಾತ್ರೆಗೆ ಅನ್ಯಧರ್ಮದೋರ ಅಂಗಡಿ ಬೇಡ ಅಂತ ಶುರುವಾಯ್ತು, ವಿಧಾನಸಭೇಲಿ ಕೇಳಿದ್ರೆ 2002ರ ಮುಜರಾಯಿ ರೂಲ್ಸೇ ಇದೆ, ದೇವಸ್ಥಾನದ ಜಾಗ ಬೇರೆ ಧರ್ಮದೋರಿಗೆ ಗುತ್ತಿಗೆ ಕೊಡೋ ಹಂಗಿಲ್ಲ ಅಂದ್ರು. ನಮ್ಮೂರಲ್ಲೂ ಮೀಟಿಂಗ್ ಆಯ್ತು. ನಮ್ಮಲ್ಲಿ ಅಂಗಡಿ ಹಾಕ್ತಿದ್ದಿದ್ದು ಪಂಚಾಯ್ತಿ ರಸ್ತೆ ಬದೀಲಿ, ದೇವಸ್ಥಾನದ ಜಾಗನೇ ಅಲ್ಲ, ಅದು ಅಲ್ಲಿದ್ದ ಎಲ್ರಿಗೂ ಗೊತ್ತು. ಸ್ತ್ರೀಶಕ್ತಿ ಸಂಘದಿಂದ ಅಂತ ನಾನೂ ಹೋಗಿದ್ದೆ, ಕೋಸಂಬರಿ ಪಾನಕ ನಮ್ಮ ಲೆಕ್ಕಕ್ಕೆ ತಾನೆ. ನಡಾವಳಿ ಪುಸ್ತಕ ಕೈಯಿಂದ ಕೈಗೆ ಬಂತು, ನೀಲಿ ಪೆನ್ನಿಗೆ ದಾರ ಕಟ್ಟಿದ್ರು, ಮೇಲೇನು ಬರ್ದಿದಾರೆ ಅಂತ ಓದ್ದೆ ಪುಟ್ಟಿ, ಓದಿ ಸೈನ್ ಹಾಕ್ದೆ. ಓದದೇ ಹಾಕಿದ್ರೆ ಬೇರೆ ಮಾತು.

ಬಳೆ ಸಾಬ್ರು ಆ ವರ್ಷ ಬರ್ಲಿಲ್ಲ.

ಅವರೇನು ದೊಡ್ಡ ಪುಣ್ಯಾತ್ಮರಲ್ಲ. ಈ ವಿಷಯ ಬರೆಯೋರೆಲ್ಲ ಒಬ್ಬ ಒಳ್ಳೆ ಸಾಬ್ರನ್ನ ತಂದು ನಿಲ್ಲಿಸ್ತಾರೆ, ನಮ್ಮ ಸಾಬ್ರು ಡಜನ್ ಅಂತ ಹೇಳಿ ಹನ್ನೊಂದು ಬಳೆ ತೊಡಿಸೋ ಜಾತಿ, ಎಣಿಸಿ ಕೇಳಿದ್ರೆ ಒಂದು ಒಡೀತಲ್ಲ ತಾಯಿ ಅಂತ ಚೂರು ತೋರಿಸೋರು. ನಿನ್ನ ನಾಮಕರಣಕ್ಕೆ ಕರಿಬಳೆ ತಂದಾಗ್ಲೂ ಚೌಕಾಸಿಗೆ ಜಗಳನೇ ಆಗಿತ್ತು. ಆದ್ರೆ ಹನ್ನೊಂದು ಬಳೆ ಕೊಡೋ ಶೆಟ್ರ ಅಂಗಡಿ ಜಾತ್ರೇಲಿ ಇರಬಹುದು ಅಂದ್ರೆ ಹನ್ನೊಂದು ಬಳೆ ಕೊಡೋ ಸಾಬ್ರದ್ದೂ ಇರಬಹುದು, ನಂಗೆ ತಿಳಿದಿದ್ದು ಇಷ್ಟೇ. ಸಹಿಷ್ಣುತೆ ಅನ್ನೋ ಶಬ್ದ ನಂಗೆ ಅಷ್ಟಾಗಿ ಹಿಡ್ಸಲ್ಲ, ಹಲ್ಲುನೋವು ಸಹಿಸ್ಕಂಡಂಗೆ ಕೇಳತ್ತೆ.

ಹಣಗೆರೆಕಟ್ಟೆಗೆ ನಿನ್ನ ಕರ್ಕಂಡ್ ಹೋಗಿದ್ದು ನೆನಪಿದ್ಯಾ? ಅಲ್ಲಿ ಭೂತರಾಯ ಚೌಡೇಶ್ವರಿ, ಸೈಯದ್ ಸಾದತ್ ದರ್ಗಾ ಎಲ್ಲ ಒಂದೇ ಕಡೆ, ಅಮಾಸೆ ಹುಣ್ಣಿಮೆಗೆ ಕಾಲಿಡಕ್ಕಾಗಲ್ಲ. ಹುಂಡಿ ಲೆಕ್ಕ ಮುಜರಾಯಿ ಇಲಾಖೆದು. ಅಲ್ಲಿ ಹರಕೆ ಕೋಳಿ ಕೊಟ್ಟು ಬಂದೋರೇ ನಮ್ಮ ಮೀಟಿಂಗಲ್ಲಿ ಮುಂದಿನ ಸಾಲಲ್ಲಿ ಕೂತಿದ್ರು, ನಾನೂ ಸೇರಿ.

ಇನ್ನು ರಾಜಕೀಯ. 2023ರ ಮೇ ಎಲೆಕ್ಷನ್ನಿಗೆ ಜಗಲೀಲಿ ಕೂತು ಕಾಫಿ ಕುಡ್ಕಂಡು ನಮ್ಮ ಧರ್ಮ ಉಳೀಬೇಕು ಅಂದ್ರೆ ನಮ್ಮೋರಿಗೇ ಹಾಕ್ಬೇಕು ಅಕ್ಕ ಅಂದ್ನಲ್ಲ ಒಬ್ಬ, ನೀನು ಒಳಗಿಂದ ಬಂದು 1951ರ ಪ್ರಜಾಪ್ರತಿನಿಧಿ ಕಾಯ್ದೆ 123(3) ಪ್ರಕಾರ ಧರ್ಮದ ಹೆಸರಲ್ಲಿ ಓಟು ಕೇಳೋ ಹಂಗಿಲ್ಲ ಅಂತ ಶುರು ಮಾಡಿದ್ದೆ, ಅಭ್ಯರ್ಥಿ ಒಪ್ಪಿ ಹಂಗೆ ಕೇಳ್ಸಿದ್ರೆ ಗೆದ್ದಿದ್ದೂ ರದ್ದಾಗತ್ತೆ, 2017ರಲ್ಲಿ ಸುಪ್ರೀಂ ಕೋರ್ಟು ಏಳು ಜಡ್ಜಲ್ಲಿ ನಾಲ್ಕು ಜನ ಮತದಾರನ ಧರ್ಮದ ಹೆಸರು ಹೇಳಿದ್ರೂ ತಪ್ಪೇ ಅಂದಿದಾರೆ ಅಂತ. ಅವನು ಲೋಟ ಇಟ್ಟು ಎದ್ದು ಹೋದ. ನಂಗೆ ಆಗ ಮನೆಗ್ ಬಂದೋರಿಗೆ ಹಿಂಗಂತಾಳಲ್ಲ ಅಂತ ಸಿಟ್ಟೇ ಬಂದಿತ್ತು. ಆಮೇಲೆ ಓದ್ಕಂಡೆ, ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಮಾಡಿದ್ರಲ್ಲ, ಆ ಕೇಸಲ್ಲೂ 1994ರಲ್ಲಿ ಒಂಬತ್ತು ಜಡ್ಜು ಕೂತು ಜಾತ್ಯತೀತ ಅನ್ನೋದು ಸಂವಿಧಾನದ ಬುನಾದೀಲೇ ಇದೆ ಅಂದಿದಾರಂತೆ. ಕಾನೂನು ಗಟ್ಟಿನೇ ಇದೆ. ಆದ್ರೆ ಜಗಲೀಲಿ ಕಾಫಿ ಕುಡಿಯೋವಾಗ ಅಂದ ಮಾತಿಗೆ 45 ದಿನದೊಳಗೆ ಹೈಕೋರ್ಟಿಗೆ ಅರ್ಜಿ ಯಾರು ಹಾಕ್ತಾರೆ ಹೇಳು, ಸಾಕ್ಷಿ ಯಾರು, ನಾನಾ? ಇನ್ನೊಂದು ಪಾರ್ಟಿಯೋರು ಸಾಚಾ ಅಂತಲ್ಲ, ಅವರು ಬಾಯಲ್ಲಿ ಹೇಳಲ್ಲ, ಟಿಕೆಟ್ ಕೊಡೋವಾಗ ಯಾವ ಬೂತಲ್ಲಿ ಯಾವ ಜನ ಎಷ್ಟು ಅಂತ ಪಟ್ಟಿ ಹಿಡ್ಕಂಡೇ ಕೂತಿರ್ತಾರೆ.

ಸರಿ, ಲೆಕ್ಕಕ್ಕೆ ಬರ್ತೀನಿ. ನಮ್ಮ ಕುಟುಂಬದ ಗ್ರೂಪಲ್ಲಿ ಇನ್ನೊಬ್ರ ಧರ್ಮ ಬೈಯೋ ಮೆಸೇಜು ಜನವರೀಲಿ ಇಪ್ಪತ್ಮೂರು, ನಾನು ಇದು ಎಲ್ಲಿಂದ ಬಂತು ಅಂತ ಕೇಳಿದ್ದು ಎರಡು ಸಲ. ಫೆಬ್ರವರೀಲಿ ಐದು ಸಲ. ಮಾರ್ಚಲ್ಲಿ ನಿಮ್ಮ ದೊಡ್ಡಮಾವ ಫೋನ್ ಮಾಡಿ ನಿನ್ನ ತಲೆ ಮಗಳು ಕೆಡಿಸಿದ್ದಾ ಅಂದ್ರು, ಏಪ್ರಿಲ್ ಪೂರ್ತಿ ಖಾಲಿ, ಹೆದರ್ದೆ ಅಂತ ಅಲ್ಲ, ಬೇಜಾರು. ಜೂನಲ್ಲಿ ಮೆಸೇಜೇ ಒಂಬತ್ತಕ್ಕೆ ಇಳಿದಿದೆ, ನನ್ನಿಂದನೋ ಸಿಗ್ನಲ್ ಇಲ್ದೇನೋ.

ಜಾತ್ರೆ ಎರಡು ವರ್ಷಕ್ಕೊಂದ್ಸಲ ಅಲ್ವಾ, 2024ರಲ್ಲೂ ಸುಮ್ನೇ ಕೂತು ಬಂದಿದ್ದೆ. ಈ ಸಲ ಮೀಟಿಂಗಲ್ಲಿ ಎದ್ದು ನಿಂತೆ. ಹೇಳಕ್ಕೆ ಅಂತ ರೆಡಿ ಮಾಡ್ಕಂಡು ಹೋಗಿದ್ದು ಏನೇನೋ, ಬಾಯಿಗೆ ಬಂದಿದ್ದು "ರಸ್ತೆ ಪಂಚಾಯ್ತಿದು, ನಾವ್ಯಾಕೆ ಬೇಡ ಅನ್ನೋದು" ಅಂತ ಇಷ್ಟೇ. ಯಾರೋ ಹಿಂದಿಂದ ನಿಮಗ್ಯಾಕಕ್ಕ ರಾಜಕೀಯ, ಪಾನಕ ನೋಡ್ಕಳಿ ಅಂದ್ರು, ನಗು. ಅಧ್ಯಕ್ಷರು ಮುಂದೆ ನೋಡಣ ಅಂದ್ರು. ಪುಸ್ತಕ ನನ್ನ ಹತ್ರ ಬಂದಾಗ ಸೈನ್ ಹಾಕದೇನೇ ಪಕ್ಕದೋಳಿಗೆ ದಾಟಿಸ್ದೆ. ಕೈ ನಡುಗ್ತಿತ್ತು ಕಣೇ.

ಸಾಬ್ರಿಗೆ ಇದೆಲ್ಲ ಗೊತ್ತೂ ಇಲ್ಲ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರು, ಮಂಡಿನೋವಂತೆ, ವ್ಯಾಪಾರ ಬಿಟ್ಟಿದಾರೆ, ಮಗ ಶಿವಮೊಗ್ಗದಲ್ಲಿ ಮೊಬೈಲ್ ಕವರ್ ಅಂಗಡಿ ಇಟ್ಟಿದಾನೆ. ನಿನ್ನ ಮದುವೆ ಆಯ್ತಾ ಅಂತ ಕೇಳಿದ್ರು, ಇಲ್ಲ ಅಂದೆ, ಬಸ್ ಬಂತು.

ಮೀಟಿಂಗಿನ ದಿನದ ಚೌಕದಲ್ಲಿ "ಬಾ" ಎದುರು ಪೂರ್ತಿ ಹಾಕಕ್ಕೆ ಮನಸ್ಸು ಬರ್ಲಿಲ್ಲ, ಅರ್ಧ ಅಂತ ಬರ್ದೆ. ತಿಂಗಳ ಕೊನೇಲಿ ನಿಮ್ಮ ಅಪ್ಪಯ್ಯ ಅದನ್ನ ನೋಡ್ಕಂಡು, ಅವತ್ತು ಅರ್ಧ ಲೀಟರೇ ಕೊಟ್ಟಿದೀಯ ಒಂದು ಲೀಟರಿನ ದುಡ್ಡು ಯಾಕೆ ಅಂತ ಹಾಲಿನೋಳ ಹತ್ರ ಜಗಳ ಆಡಿ ಬಂದಿದಾರೆ, ಈಗ ಅವಳು ಮನೆ ಕಡೆ ಬರ್ತಿಲ್ಲ, ಎರಡು ದಿನದಿಂದ ಕರಿಕಾಫಿ.

ಅಮ್ಮ