ಹಗುರ ರೈಫಲ್‌ಗೆ ಭಾರದ ಸ್ಕೋಪ್ ಸಲ್ಲದು

ಮಾನ್ಯ ಸಂಪಾದಕರಿಗೆ,

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಹವ್ಯಾಸಗಳನ್ನು ಕುರಿತು ನಿಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನದಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಗಳಲ್ಲಿ ಪರವಾನಗಿ ಪಡೆದು ಮಾಡುವ ಬೇಟೆಯ ಪ್ರಸ್ತಾಪವಿತ್ತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ಅದು ಹಾಗೆಯೇ ಉಳಿಯಬೇಕೆಂಬುದೇ ನನ್ನ ನಿಲುವು. ಈ ಪತ್ರವೇನಿದ್ದರೂ ಕಾನೂನಿನ ಅನುಮತಿಯಿರುವ ಕಡೆ, ತರಬೇತಿ ಪಡೆದು ಬೇಟೆಗೆ ಹೋಗುವವರನ್ನು ಉದ್ದೇಶಿಸಿದ್ದು. ರೈಫಲ್ ಎಷ್ಟೇ ಹಗುರವಾಗಿದ್ದರೂ ಅದರ ಮೇಲೆ 50 ಮಿ.ಮೀ. ಮುಂಗಾಜಿನ, 20 ಪಟ್ಟಿನವರೆಗೆ ಹಿಗ್ಗಿಸಿ ತೋರಿಸುವ ಸ್ಕೋಪನ್ನೇ (ಗುರಿ ಹಿಡಿಯಲು ಬಳಸುವ ದೂರದರ್ಶಕ) ಕೂರಿಸಬೇಕೆಂದು ಲೇಖಕರು ಹೊಸಬರಿಗೆ ಸಲಹೆ ನೀಡಿದ್ದಾರೆ. ಹಲವು ವರ್ಷಗಳಿಂದ ಆ ಬೆಟ್ಟಗಳಲ್ಲಿ ಬೆನ್ನಿಗೆ ಹೊರೆ ಹೊತ್ತು ನಡೆದಿರುವ ನನಗೆ ಆ ಸಲಹೆಯನ್ನು ಒಪ್ಪಲಾಗುತ್ತಿಲ್ಲ. ಅದರಿಂದ ಬೇಟೆಗಾರನಿಗೆ ಆಗುವ ತೊಂದರೆಗಿಂತ ಗುಂಡೇಟು ತಿನ್ನುವ ಪ್ರಾಣಿಗೆ ಆಗಬಹುದಾದ ಹಿಂಸೆ ದೊಡ್ಡದು.

ಮೊದಲು ತೂಕದ ಮಾತು. ಕೊಲರಾಡೊದ ಫ್ಲಾಟ್ ಟಾಪ್ಸ್‌ನಂತಹ ಸಂರಕ್ಷಿತ ಅರಣ್ಯಗಳಲ್ಲಿ 1964ರ ವೈಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಕಾಲ್ನಡಿಗೆಯಲ್ಲಿ ಅಥವಾ ಕುದುರೆಯ ಮೇಲೆ ಹೋಗಬೇಕು. ಡೇರೆ, ಹಾಸಿಗೆ, ಆಹಾರ, ನೀರು ಎಲ್ಲವೂ ಬೆನ್ನಿನ ಮೇಲೆಯೇ. ನಮ್ಮ ಕಡವೆಗಿಂತ ಗಾತ್ರದಲ್ಲಿ ದೊಡ್ಡದಾದ ಗಂಡು ಎಲ್ಕ್ ದಕ್ಕಿದರೆ, ಮೂಳೆ ಬಿಡಿಸಿದ ಮೇಲೂ 80ರಿಂದ 100 ಕೆ.ಜಿ.ಯಷ್ಟು ಮಾಂಸ ಉಳಿಯುತ್ತದೆ, ತಿನ್ನಲು ಯೋಗ್ಯವಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಅಲ್ಲಿ ಅಪರಾಧ. ಇದನ್ನೆಲ್ಲ ಲೆಕ್ಕ ಹಾಕಿಯೇ ಜನ 2.3ರಿಂದ 2.8 ಕೆ.ಜಿ. ತೂಗುವ ರೈಫಲ್‌ಗಳನ್ನು ದುಬಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ಅಂಥದರ ಮೇಲೆ 700 ಗ್ರಾಂ ಮೀರುವ ಸ್ಕೋಪನ್ನೂ ಅದನ್ನು ರೈಫಲ್‌ಗೆ ಬಿಗಿಯುವ ದಪ್ಪ ರಿಂಗುಗಳನ್ನೂ ಕೂರಿಸಿದರೆ ಉಳಿಸಿದ ತೂಕವೆಲ್ಲ ಮರಳಿ ಬಂದಂತಾಯಿತು. ಲ್ಯೂಪೋಲ್ಡ್ ಕಂಪನಿಯ 2.5-8×36 (ಅಂದರೆ 2.5ರಿಂದ 8 ಪಟ್ಟು, 36 ಮಿ.ಮೀ. ಮುಂಗಾಜು) ಸ್ಕೋಪ್ ಮಾದರಿ ಸುಮಾರು 325 ಗ್ರಾಂ ತೂಗುತ್ತದೆ. ಅದೇ ಕಂಪನಿಯ, ಪಟ್ಟು ಬದಲಾಗದ 6×36 ಸುಮಾರು 285 ಗ್ರಾಂ ಮಾತ್ರ.

ತೂಕಕ್ಕಿಂತಲೂ ಮುಖ್ಯವಾದದ್ದು ಆ ತೂಕ ಕೂರುವ ಜಾಗ. ಮುಂಗಾಜು ದೊಡ್ಡದಾದರೆ ಅದು ನಳಿಗೆಗೆ ತಾಗದಂತೆ ಎತ್ತರದ ರಿಂಗುಗಳನ್ನು ಹಾಕಬೇಕಾಗುತ್ತದೆ, ಆಗ ಸ್ಕೋಪಿನೊಳಗೆ ನೋಡಲು ಕೆನ್ನೆಯನ್ನು ಬಟ್‌ನಿಂದ (ರೈಫಲ್‌ನ ಹಿಂಬದಿಯ ಹಿಡಿಯಿಂದ) ಮೇಲಕ್ಕೆತ್ತಬೇಕಾಗುತ್ತದೆ. ಕೆನ್ನೆ ಊರದಿದ್ದರೆ ಕಣ್ಣು ಪ್ರತಿಬಾರಿಯೂ ಒಂದೇ ಜಾಗಕ್ಕೆ ಬರುವುದಿಲ್ಲ. ಏದುಸಿರು ಬಿಡುತ್ತಾ ಇಳಿಜಾರಿನಲ್ಲಿ ಕುಳಿತವನ ಕೈಯಲ್ಲಿ, ಮೇಲ್ಭಾಗ ಭಾರವಾದ ಹಗುರ ರೈಫಲ್ ಒಂದು ಬದಿಗೆ ವಾಲುತ್ತದೆ. ಜೊತೆಗೆ, ರೈಫಲ್ ಹಗುರವಾದಷ್ಟೂ ಅದರ ಒದೆತ ಹೆಚ್ಚು. ಪ್ರತಿ ಗುಂಡಿಗೂ ಭಾರದ ಸ್ಕೋಪ್ ತನ್ನ ಜಡತ್ವದಿಂದ ರಿಂಗುಗಳನ್ನು ಎಳೆಯುವುದರಿಂದ ಅದು ಅಲುಗಿ ಗುರಿ ತಪ್ಪುವ ಸಂಭವವೂ ಹೆಚ್ಚು. ಈ ಒದೆತದ ಕಾರಣಕ್ಕೇ ಕಣ್ಣಿಗೂ ಹಿಂಗಾಜಿಗೂ ನಡುವೆ ಇರಬೇಕಾದ ಅಂತರ, ಅಂದರೆ ಐ ರಿಲೀಫ್, ಕನಿಷ್ಠ 9 ಸೆಂ.ಮೀ. ಇರುವ ಸ್ಕೋಪನ್ನೇ ಆರಿಸಬೇಕು. ಮಲಗಿಕೊಂಡು ಏರುಮುಖವಾಗಿ ಗುಂಡು ಹಾರಿಸುವಾಗ ಈ ಅಂತರ ಇನ್ನಷ್ಟು ಕಿರಿದಾಗಿ, ಸ್ಕೋಪಿನ ಅಂಚು ಹುಬ್ಬನ್ನು ಸೀಳಿದ ಪ್ರಸಂಗಗಳು ಬೇಟೆಗಾರರ ನಡುವೆ ಅಪರೂಪವಲ್ಲ.

ದೊಡ್ಡ ಗಾಜಿದ್ದರೆ ಮಬ್ಬುಗತ್ತಲಲ್ಲಿ ಹೆಚ್ಚು ಕಾಣುತ್ತದೆ ಎಂಬ ವಾದ ಲೇಖನದಲ್ಲಿತ್ತು. ಅದು ಅರ್ಧ ಸತ್ಯ. ಮುಂಗಾಜಿನ ಅಳತೆಯನ್ನು ಹಿಗ್ಗಿಸುವ ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 36 ಮಿ.ಮೀ. ಗಾಜನ್ನು 6 ಪಟ್ಟಿಗೆ ಇಟ್ಟರೆ ಅದು 6 ಮಿ.ಮೀ. ನಡುವಯಸ್ಸು ದಾಟಿದವರ ಪಾಪೆ ಕತ್ತಲಲ್ಲಿ ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸು ಅರಳುವುದರಿಂದ, 50 ಮಿ.ಮೀ. ಗಾಜು ಅದೇ ಪಟ್ಟಿನಲ್ಲಿ ಕೊಡುವ 8 ಮಿ.ಮೀ.ಗೂ ಮಿಕ್ಕಿದ ಅಗಲದ ಬೆಳಕಿನಲ್ಲಿ ಹೆಚ್ಚುವರಿ ಭಾಗ ಕಣ್ಣಿನೊಳಗೆ ಹೋಗುವುದೇ ಇಲ್ಲ. ಕೊಲರಾಡೊದಲ್ಲಿ ಬೇಟೆಯ ಅವಧಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಆರಂಭವಾಗಿ ಸೂರ್ಯಾಸ್ತದ ಅರ್ಧ ಗಂಟೆಯ ಬಳಿಕ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಒಳ್ಳೆಯ ಲೇಪನವಿರುವ ಸಣ್ಣ ಗಾಜು ಸಾಕು. ಆ ಹೊತ್ತಿನಲ್ಲಿ ನಿಜವಾಗಿ ಕೈಕೊಡುವುದು ಕೂದಲೆಳೆಯಷ್ಟು ಸಣ್ಣ ಗುರಿಗೆರೆಗಳು. ಹೊರತುದಿಗಳಲ್ಲಿ ದಪ್ಪವಾಗಿದ್ದು ನಡುವೆ ಮಾತ್ರ ತೆಳುವಾಗುವ ಸರಳ ಗೆರೆಗಳ ಸ್ಕೋಪನ್ನು ಆರಿಸಬೇಕೆಂದು ಲೇಖಕರು ಹೇಳಬೇಕಿತ್ತು.

ಇನ್ನು 20 ಪಟ್ಟಿನ ವಿಚಾರ. 300 ಮೀಟರ್ ದೂರದ ಪ್ರಾಣಿ 6 ಪಟ್ಟಿನಲ್ಲಿ 50 ಮೀಟರ್ ಸಮೀಪದಲ್ಲಿದ್ದಂತೆ ಕಾಣುತ್ತದೆ. ಅದಕ್ಕಿಂತ ದೂರದಿಂದ, ಅಳ್ಳಾಡುವ ಉಸಿರಿನಲ್ಲಿ, ಅಡ್ಡಗಾಳಿಯಲ್ಲಿ, ಹಗುರ ರೈಫಲ್‌ನಿಂದ ಗುಂಡು ಹಾರಿಸಲು ನಮ್ಮಲ್ಲಿ ಬಹುತೇಕರಿಗೆ ಅರ್ಹತೆಯಿಲ್ಲ. ಹೆಚ್ಚು ಪಟ್ಟಿನ ಸ್ಕೋಪ್ ಆ ದೂರವನ್ನು ಕಣ್ಣಿಗೆ ಅಳಿಸಿಹಾಕುತ್ತದೆಯೇ ಹೊರತು ಗುಂಡಿಗೆ ಅಳಿಸಿಕೊಡುವುದಿಲ್ಲ. ಹೊಟ್ಟೆಗೆ ಏಟು ತಿಂದ ಎಲ್ಕ್ ಕಣಿವೆಯೊಳಗೆ ಇಳಿದುಹೋಗಿ ಗಂಟೆಗಟ್ಟಲೆ ನರಳುತ್ತದೆ. ಇನ್ನೂ ನೂರು ಹೆಜ್ಜೆ ತೆವಳಿ ಹತ್ತಿರ ಹೋಗುವುದು, ಆಗದಿದ್ದರೆ ಬರಿಗೈಯಲ್ಲಿ ಹಿಂದಿರುಗುವುದು ಬೇಟೆಗಾರನ ಕರ್ತವ್ಯ. ಹತ್ತಿರದಲ್ಲಿ ಕೆಳಪಟ್ಟಿನ ಬೆಲೆ ತಿಳಿಯುತ್ತದೆ: ದಟ್ಟ ಸ್ಪ್ರೂಸ್ ಕಾಡಿನಲ್ಲಿ 40 ಮೀಟರಿನಲ್ಲಿ ಎದ್ದ ಎಲ್ಕ್‌ನ ಯಾವ ಭಾಗ ಕಾಣುತ್ತಿದೆಯೆಂದು ಅರಿಯಲು ಅಗಲವಾದ ನೋಟ ಬೇಕು. 2.5 ಪಟ್ಟಿನಲ್ಲಿ 100 ಮೀಟರಿಗೆ ಸುಮಾರು 12 ಮೀಟರ್ ಅಗಲ ಕಾಣುತ್ತದೆ, 8 ಪಟ್ಟಿನಲ್ಲಿ ನಾಲ್ಕೂವರೆ ಮೀಟರ್ ಮಾತ್ರ. ಆದ್ದರಿಂದ ನಡೆಯುವಾಗ ಸ್ಕೋಪನ್ನು ಸದಾ ಕೆಳಪಟ್ಟಿನಲ್ಲಿಯೇ ಇಡಬೇಕು.

ಗುರಿ ಹೊಂದಿಸುವ, ಮುಚ್ಚಳವಿರುವ ತಿರುಪುಗಳು, ತೇವ ಹೊಗದಂತೆ ನೈಟ್ರೋಜನ್ ತುಂಬಿದ ಕೊಳವೆ ಈಗ ಬಹುತೇಕ ಒಳ್ಳೆಯ ಕಂಪನಿಗಳಲ್ಲಿ ಸಿಗುತ್ತವೆ. ಆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆದರೆ ಲೇಖನದಲ್ಲಿದ್ದ ಒಂದು ವಾಕ್ಯಕ್ಕೆ ಮಾತ್ರ ನನ್ನ ಬಲವಾದ ಆಕ್ಷೇಪವಿದೆ. ದೊಡ್ಡ ಪಟ್ಟಿನ ಸ್ಕೋಪ್ ಇದ್ದರೆ ದುರ್ಬೀನು ಬೇಕಿಲ್ಲ ಎಂದು ಅದರಲ್ಲಿ ಬರೆದಿತ್ತು. ಸ್ಕೋಪಿನಿಂದ ಹುಡುಕುವುದೆಂದರೆ ನಳಿಗೆಯನ್ನು ಇನ್ನೂ ಗುರುತು ಸಿಗದ ಆಕೃತಿಯತ್ತ ತಿರುಗಿಸುವುದು; ಆ ಆಕೃತಿ ಇನ್ನೊಬ್ಬ ಮನುಷ್ಯನಾಗಿರಬಹುದು. ಅಲ್ಲಿ ರೈಫಲ್ ಬೇಟೆಗಾರರು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪು ಧರಿಸಲೇಬೇಕೆಂಬ ನಿಯಮ ಇರುವುದೂ ಇಂಥ ಅನಾಹುತಗಳನ್ನು ತಡೆಯುವುದಕ್ಕಾಗಿಯೇ. ಸಣ್ಣ ಸ್ಕೋಪಿನಿಂದ ಉಳಿದ ತೂಕವನ್ನೂ ಹಣವನ್ನೂ 8 ಅಥವಾ 10 ಪಟ್ಟಿನ ಒಂದು ಒಳ್ಳೆಯ ದುರ್ಬೀನಿಗೆ ವಿನಿಯೋಗಿಸುವುದು ಸರಿಯಾದ ಕ್ರಮ.

ದಯವಿಟ್ಟು ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ವಾಕ್ಯಕ್ಕೆ ತಿದ್ದುಪಡಿ ಪ್ರಕಟಿಸಬೇಕೆಂದೂ, ಲೇಖನದಲ್ಲಿದ್ದ ಸ್ಕೋಪುಗಳ ಪಟ್ಟಿಯಲ್ಲಿ ಬೆಲೆಯ ಜೊತೆಗೆ ತೂಕ ಮತ್ತು ಐ ರಿಲೀಫ್‌ನ ಅಂಕಿಗಳನ್ನೂ ಸೇರಿಸಬೇಕೆಂದೂ ವಿನಂತಿಸುತ್ತೇನೆ.

ಇತಿ,
ನಿಮ್ಮ ಓದುಗ,
ಡೆನ್ವರ್, ಕೊಲರಾಡೊ