ರವಿವಾರದ ‘ಬಾಹ್ಯಾಕಾಶದ ಹಬ್ಬದೂಟ’: ತಿನಿಸು ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಸಂಕ್ರಾಂತಿಯ ನಂತರದ ರವಿವಾರ, ಜನವರಿ 18ರಂದು ಸಂಜೆ 4 ಗಂಟೆಗೆ ನಮ್ಮ ಕಾಲೊನಿಯ ಸಮುದಾಯ ಭವನದಲ್ಲಿ ಮಕ್ಕಳಿಗಾಗಿ ಈ ಕಾರ್ಯಕ್ರಮವಿದೆ. ಐದರಿಂದ ಹತ್ತನೇ ತರಗತಿಯ ಮಕ್ಕಳಿರುವ ಮನೆಯವರು ಗಮನಿಸಿರಿ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2000ದ ನವೆಂಬರ್‌ನಿಂದ ಸತತವಾಗಿ ಜನರಿದ್ದಾರೆ. ಹಬ್ಬ ಬಂದರೆ ಊಟವೂ ಅಲ್ಲೇ. ಆದರೆ ಪುಡಿ ಉದುರುವಂತಿಲ್ಲ. ತೇಲುವ ಚೂರು ಕಣ್ಣಿಗೋ ಯಂತ್ರಕ್ಕೋ ಹೊಕ್ಕೀತೆಂದು ಬ್ರೆಡ್ ಬದಲು ಮೆತ್ತನೆಯ ಟೋರ್ಟಿಯಾ ರೊಟ್ಟಿ ತಿನ್ನುತ್ತಾರೆ. ಉಪ್ಪು ಕೂಡ ದ್ರವರೂಪದಲ್ಲಿರುತ್ತದೆ. ಅಂದರೆ ನಮ್ಮ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕುಸುರೆಳ್ಳು ಮೂರೂ ಅನರ್ಹ! 2025ರಲ್ಲಿ ನಮ್ಮ ದೇಶದ ಗಗನಯಾತ್ರಿ ಶುಭಾಂಶು ಶುಕ್ಲಾ ಅವರು ಅಲ್ಲಿಗೆ ಒಯ್ದದ್ದು ಗಜ್ಜರಿ ಹಲ್ವಾ, ಹೆಸರುಬೇಳೆ ಹಲ್ವಾ ಮತ್ತು ಮಾವಿನ ರಸ.

ಹಾಗಾಗಿ ಪ್ರತಿ ಮನೆಯಿಂದ ಪುಡಿ ಉದುರದ, ಸೋರದ ಒಂದು ಹಬ್ಬದ ತಿನಿಸು ಬರಲಿ. ಕಡಲೆಬೇಳೆ ಹೂರಣದ ಹೋಳಿಗೆ ಪಾಸಾಗುತ್ತದೆ ಎಂದು ನನ್ನ ಅಭಿಪ್ರಾಯ. ಶೇಂಗಾ ಹೋಳಿಗೆಯ ವಿಚಾರವನ್ನು ಮಕ್ಕಳೇ ವಾದಿಸಿ ತೀರ್ಮಾನಿಸಲಿ. ತೂಕವಿಲ್ಲದ ಸ್ಥಿತಿಯಲ್ಲಿ ದೇಹದ ದ್ರವ ತಲೆಯತ್ತ ಏರಿ ಮೂಗು ಕಟ್ಟಿದಂತಾಗುವುದರಿಂದ ಹಲವು ಗಗನಯಾತ್ರಿಗಳಿಗೆ ಊಟ ಸಪ್ಪೆ ಎನಿಸಿ ಖಾರ ಬೇಕಾಗುತ್ತದೆ. ಯಾರಾದರೂ ಒಬ್ಬರು ರಂಜಕ ತರಲು ಒಪ್ಪಿಕೊಳ್ಳಿರಿ.

ತಿನಿಸನ್ನು ಬಾಯಿ ಮುಚ್ಚುವ ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಮೇಲೆ ಹೆಸರು ಬರೆಯಿರಿ. ಮಗುವಿಗೊಂದು ಚಮಚ ಸಾಕು, ತಟ್ಟೆ ಬೇಡ. ಶೇಂಗಾ, ಎಳ್ಳು ಒಗ್ಗದ ಮಕ್ಕಳಿದ್ದರೆ ತಪ್ಪದೆ ತಿಳಿಸಿರಿ.

ಯಾವ ತಿನಿಸು, ಎಷ್ಟು ಮಕ್ಕಳು ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಬರೀ ಹೆಬ್ಬೆರಳಿನ ಚಿತ್ರ ಹಾಕಿದರೆ ಲೆಕ್ಕ ಸಿಗುವುದಿಲ್ಲ. ಸಿದ್ಧೇಶ್ವರ ಜಾತ್ರೆಯ ಗದ್ದಲವಿರಬಹುದು, ಸ್ವಲ್ಪ ಮುಂಚೆಯೇ ಹೊರಡಿರಿ.